ಗಟ್ಟಿ ಹಲ್ಲಿಗೆ ಹದಿನಾರು ಸೂತ್ರಗಳು

ನಮ್ಮಲ್ಲಿ ಹಲ್ಲುಜ್ಜುವುದೆಂದರೆ ಮುಖ ತೊಳೆಯುವ ಕೆಲಸದ ಒಂದು ಭಾಗ. ಎದ್ದ ಕೂಡಲೇ ಬಾಯಿಯ ವಾಸನೆ ಹೋಗಬೇಕು, ಕಾಫಿ ಲೋಟ ಕೈಗೆತ್ತಿಕೊಳ್ಳುವ ಮೊದಲು ಬಾಯಿ ಶುದ್ಧವಾಗಬೇಕು. ಅಷ್ಟಾದರೆ ಬ್ರಷ್ಷಿನ ಪಾಳಿ ಮುಗಿಯಿತು. ಹಲ್ಲು ಹುಳುಕಾಗುವುದಕ್ಕೆ ಮಾತ್ರ ಬೇರೆಯದೇ ವೇಳಾಪಟ್ಟಿ ಇದೆ. ತಿಂದ ಮೇಲಿನ ಅರ್ಧ ಗಂಟೆ, ನಿದ್ದೆಯ ಏಳು ಗಂಟೆ, ಬ್ರಷ್ ತಲುಪದ ಸಂದಿಗೊಂದಿ: ಹಲ್ಲು ಹಾಳಾಗುವುದು ಇಲ್ಲೇ. ಪೇಸ್ಟಿನ ಬೆಲೆಗಿಂತ ಈ ಹೊತ್ತುಗಳನ್ನೂ ಈ ಸಂದುಗಳನ್ನೂ ಗಮನಿಸಿದವರು ಎಪ್ಪತ್ತರಲ್ಲೂ ಚಕ್ಕುಲಿ ಕಡಿಯಬಲ್ಲರು. ಅದಕ್ಕೆ ಬೇಕಾದ ಸೂತ್ರಗಳು ಇಲ್ಲಿವೆ.

1. ಬೆಳಿಗ್ಗೆ ತಪ್ಪಿದರೂ ರಾತ್ರಿ ತಪ್ಪಿಸಬೇಡಿ

ದಿನಕ್ಕೆರಡು ಸಲ ಉಜ್ಜಬೇಕು. ಎರಡರಲ್ಲಿ ಹೆಚ್ಚು ಮುಖ್ಯವಾದದ್ದು ರಾತ್ರಿಯದು. ನಮ್ಮ ಬಾಯಿಯಲ್ಲಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ಜೊಲ್ಲು ಸುರಿಯುತ್ತದೆ. ಅದು ಆಮ್ಲವನ್ನು ತಗ್ಗಿಸುತ್ತದೆ, ಅನ್ನದ ಅಗುಳು ತೊಳೆಯುತ್ತದೆ, ಹಲ್ಲಿನ ಹೊರಪದರವಾದ ಎನಾಮಲ್ ಕಳೆದುಕೊಂಡ ಕ್ಯಾಲ್ಸಿಯಂ ಮತ್ತು ಫಾಸ್ಫೇಟನ್ನು ಮರಳಿ ತುಂಬುತ್ತದೆ. ನಿದ್ದೆ ಹತ್ತಿದ ಮೇಲೆ ಈ ಹರಿವು ತೀರಾ ಕಡಿಮೆ. ಹಲ್ಲಿಗೆ ಅಂಟಿದ ಸಿಹಿಯ ಮೇಲೆ ಬ್ಯಾಕ್ಟೀರಿಯಾಗಳು ಇಡೀ ರಾತ್ರಿ ತಡೆಯಿಲ್ಲದೆ ಕೆಲಸ ಮಾಡುತ್ತವೆ. ಮಲಗುವ ಮುಂಚಿನ ಬಾಳೆಹಣ್ಣು, ಸಕ್ಕರೆ ಹಾಕಿದ ಹಾಲು ಎಲ್ಲ ಬ್ರಷ್ಷಿಗೆ ಮೊದಲೇ ಮುಗಿಯಲಿ. ಆಮೇಲೆ ನೀರು ಮಾತ್ರ.

2. ಎರಡು ನಿಮಿಷ ಗಡಿಯಾರ ನೋಡಿ

ಬಾಯಿಯನ್ನು ನಾಲ್ಕು ಭಾಗ ಮಾಡಿಕೊಳ್ಳಿ: ಮೇಲೆ ಬಲ, ಮೇಲೆ ಎಡ, ಕೆಳಗೆ ಬಲ, ಕೆಳಗೆ ಎಡ. ಒಂದೊಂದಕ್ಕೆ ಅರ್ಧ ನಿಮಿಷ. ಎಲ್ಲರೂ ಕನ್ನಡಿಯಲ್ಲಿ ಕಾಣುವ ಮುಂಭಾಗದಿಂದ ಶುರು ಮಾಡುತ್ತಾರೆ. ಒಳಭಾಗಕ್ಕೆ ಬರುವ ಹೊತ್ತಿಗೆ ಉತ್ಸಾಹ ಇಳಿದಿರುತ್ತದೆ. ನೀವು ಕೆಳಗಿನ ಮುಂಭಾಗದ ಹಲ್ಲುಗಳ ಹಿಂಬದಿಯಿಂದ ಆರಂಭಿಸಿ. ನಾಲಿಗೆಯಡಿಯ ಜೊಲ್ಲಿನ ನಾಳಗಳು ಅಲ್ಲೇ ತೆರೆದುಕೊಳ್ಳುವುದರಿಂದ ಕಿಟ್ಟ ಮೊದಲು ಗಟ್ಟಿಯಾಗುವುದು ಆ ಜಾಗದಲ್ಲಿ. ನಂತರ ಕೊನೆಯ ದವಡೆ ಹಲ್ಲಿನ ಹಿಂದೆ. ತೋರಿಕೆಯ ಹಲ್ಲು ಕೊನೆಗಿರಲಿ, ಅದನ್ನು ಯಾರೂ ಮರೆಯುವುದಿಲ್ಲ.

3. ಮೃದು ಬ್ರಷ್, ಹಗುರ ಕೈ

ಜೋರಾಗಿ ತಿಕ್ಕಿದರೆ ಹೆಚ್ಚು ಶುದ್ಧ ಎಂಬ ನಂಬಿಕೆಗೆ ಒಸಡು ಬೆಲೆ ತೆರುತ್ತದೆ. ಅಡ್ಡಡ್ಡ ಎಳೆದು ಉಜ್ಜುವವರ ಒಸಡು ಹಿಂದೆ ಸರಿದು, ಹಲ್ಲಿನ ಬುಡದಲ್ಲಿ ಗೀರು ಬಿದ್ದು, ತಣ್ಣೀರು ತಾಕಿದರೂ ಜುಂ ಎನ್ನುತ್ತದೆ. ಅಮೆರಿಕದ ವೈದ್ಯ ಚಾರ್ಲ್ಸ್ ಬಾಸ್ ಅವರ ಹೆಸರಿನಲ್ಲೇ ಪ್ರಸಿದ್ಧವಾದ ವಿಧಾನ ಸರಳವಾಗಿದೆ. ಎಳೆಗಳು ಹಲ್ಲೂ ಒಸಡೂ ಸೇರುವ ಗೆರೆಗೆ 45 ಡಿಗ್ರಿ ಓರೆಯಾಗಿರಲಿ. ಅಲ್ಲೇ ಪುಟ್ಟದಾಗಿ ಅಲುಗಿಸಿ, ಬಳಿಕ ಒಸಡಿನಿಂದ ಹಲ್ಲಿನ ತುದಿಯ ಕಡೆಗೆ ಸವರಿ. ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿಯದೆ ಬೆರಳ ತುದಿಯಲ್ಲಿ ಹಿಡಿದರೆ ಒತ್ತಡ ತಾನಾಗಿ ಇಳಿಯುತ್ತದೆ. ತಿಂಗಳೊಪ್ಪತ್ತಿನಲ್ಲೇ ಎಳೆಗಳು ಕೆದರಿದರೆ ದೋಷ ಬ್ರಷ್ಷಿನದಾಗಿರಲಿಕ್ಕಿಲ್ಲ, ಕೈಯದು.

4. ಉಗುಳಿ, ಆದರೆ ಮುಕ್ಕಳಿಸಬೇಡಿ

ನಮ್ಮ ಬಚ್ಚಲುಮನೆಗಳ ಪದ್ಧತಿಗೆ ಇದು ತೀರಾ ವಿರುದ್ಧ. ಉಜ್ಜಿದ ಮೇಲೆ ಅರ್ಧ ಚೊಂಬು ನೀರಿನಲ್ಲಿ ಮುಕ್ಕಳಿಸಿ, ಅಕ್ಕಪಕ್ಕದ ಮನೆಗೂ ಕೇಳುವಂತೆ ಕ್ಯಾಕರಿಸಿದರೇ ಸಮಾಧಾನ. ಹಾಗೆ ಮಾಡಿದಾಗ ಪೇಸ್ಟಿನಲ್ಲಿದ್ದ ಫ್ಲೋರೈಡ್ ಚರಂಡಿಗೆ ಹೋಗುತ್ತದೆ. ಎನಾಮಲ್ಲಿಗೆ ಬಲ ಕೊಡುವುದು ಹಲ್ಲಿನ ಮೇಲೆ ಸ್ವಲ್ಪ ಹೊತ್ತು ಉಳಿದ ಫ್ಲೋರೈಡ್. ನೊರೆಯನ್ನೆಲ್ಲ ಚೆನ್ನಾಗಿ ಉಗುಳಿ, ತುಟಿ ಒರೆಸಿಕೊಳ್ಳಿ, ಸಾಕು. ಮೊದಲ ವಾರ ಬಾಯಿ ಅಂಟಂಟು ಎನಿಸುತ್ತದೆ, ಆಮೇಲೆ ರೂಢಿಯಾಗುತ್ತದೆ.

5. ಪೆಟ್ಟಿಗೆಯ ಸಣ್ಣ ಅಕ್ಷರ ಓದಿ

ಟ್ಯೂಬಿನ ಮೇಲಿನ ಲವಂಗ, ಉಪ್ಪು, ಇದ್ದಿಲಿನ ಚಿತ್ರ ನೋಡಬೇಡಿ. ಫ್ಲೋರೈಡ್ ಇದೆಯೇ, ಎಷ್ಟು ಪಿಪಿಎಂ ಎಂಬುದನ್ನು ನೋಡಿ. ದೊಡ್ಡವರಿಗೆ ಸುಮಾರು 1000 ಪಿಪಿಎಂ ಇರಬೇಕು. ಟ್ಯೂಬಿನ ತುದಿಯ ಬಣ್ಣದ ಪಟ್ಟಿ ಹಸಿರಾದರೆ ಗಿಡಮೂಲಿಕೆ, ಕಪ್ಪಾದರೆ ರಾಸಾಯನಿಕ ಎಂದು ವಾಟ್ಸ್ಯಾಪಿನಲ್ಲಿ ಓಡಾಡುವ ಸುದ್ದಿ ಸುಳ್ಳು. ಟ್ಯೂಬನ್ನು ಎಲ್ಲಿ ಕತ್ತರಿಸಿ ಅಂಟಿಸಬೇಕೆಂದು ಕಾರ್ಖಾನೆಯ ಯಂತ್ರಕ್ಕೆ ತಿಳಿಸುವ ಗುರುತು ಅದು. 1913ರಲ್ಲಿ ನಂಜನಗೂಡಿನಲ್ಲಿ ಶುರುವಾದ ಸದ್ವೈದ್ಯಶಾಲೆಯ ಗುಲಾಬಿ ಹಲ್ಲುಪುಡಿಯ ರುಚಿ ಹಳೇ ಮೈಸೂರಿನ ಹಲವರ ನಾಲಿಗೆಯಲ್ಲಿ ಇನ್ನೂ ಇದೆ. ಯಾವ ಪುಡಿಯನ್ನೇ ಮೆಚ್ಚಿದರೂ ಬರೀ ಬೆರಳಿಗೆ ಸಂದು ಸಿಗುವುದಿಲ್ಲ, ಬ್ರಷ್ಷೇ ಬೇಕು. ಇದ್ದಿಲು, ಇಟ್ಟಿಗೆ ಪುಡಿ, ಒರಟು ಉಪ್ಪು ಕಲೆಯ ಜೊತೆ ಎನಾಮಲ್ಲನ್ನೂ ಸವೆಸುತ್ತವೆ. ಸವೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ.

6. ಬ್ರಷ್ಷನ್ನು ನಿಲ್ಲಿಸಿ, ಒಣಗಿಸಿ

ಹಲ್ಲು ತೊಳೆಯುವ ಬ್ರಷ್ಷನ್ನು ತೊಳೆಯುವವರು ಕಡಿಮೆ. ಬಳಸಿದ ಮೇಲೆ ಹರಿಯುವ ನೀರಿನಡಿ ಹಿಡಿದು, ಎಳೆಗಳ ಬುಡದಲ್ಲಿ ಕೂತ ಪೇಸ್ಟನ್ನು ಹೆಬ್ಬೆರಳಿನಿಂದ ಬಿಡಿಸಿ, ಎರಡು ಸಲ ಕೊಡವಿ. ತಲೆ ಮೇಲಾಗಿ ನಿಲ್ಲಿಸಿ, ಗಾಳಿಯಾಡುವ ಜಾಗದಲ್ಲಿಡಿ. ಮನೆಯ ಐದು ಜನರ ಬ್ರಷ್ ಒಂದೇ ಲೋಟದಲ್ಲಿದ್ದರೂ ತಲೆಗಳು ಒಂದಕ್ಕೊಂದು ತಾಕಬಾರದು. ಪೇಸ್ಟಿನ ಬಾಯಿಯನ್ನು ಬ್ರಷ್ಷಿಗೆ ಒತ್ತಿ ತಿಕ್ಕುವುದನ್ನೂ ಬಿಡಿ.

ಪ್ಲಾಸ್ಟಿಕ್ ಟೋಪಿ ಪ್ರಯಾಣಕ್ಕೆ ಮಾತ್ರ. ದಿನವೂ ಹಾಕಿದರೆ ಒಳಗಿನ ತೇವ ಆರದೆ ಸೂಕ್ಷ್ಮಾಣುಗಳಿಗೆ ಅನುಕೂಲ. ಬಚ್ಚಲು, ಪಾಯಿಖಾನೆ ಒಂದೇ ಕೋಣೆಯಲ್ಲಿದ್ದರೆ ಬ್ರಷ್ ಕಮೋಡಿನಿಂದ ದೂರವಿರಲಿ. ಫ್ಲಶ್ ಮಾಡುವ ಮುನ್ನ ಮುಚ್ಚಳ ಹಾಕಿ, ನೀರಿನ ಕಣ್ಣಿಗೆ ಕಾಣದ ಹನಿಗಳು ಗಾಳಿಗೆ ಏಳುತ್ತವೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಬೆಳಗಿನ ಬ್ರಷ್ ರಾತ್ರಿಯವರೆಗೂ ಆರುವುದಿಲ್ಲ. ಅಲ್ಲಿಯವರು ಎರಡು ಬ್ರಷ್ ಇಟ್ಟುಕೊಂಡು ಬೆಳಿಗ್ಗೆಗೊಂದು, ರಾತ್ರಿಗೊಂದು ಬಳಸಬಹುದು. ಕುದಿಯುವ ನೀರು, ಮೈಕ್ರೋವೇವ್ ಏನೂ ಬೇಡ, ಎಳೆಗಳು ಸೊಟ್ಟಗಾಗುತ್ತವೆ. ಬದಲಿಗೆ ಬ್ರಷ್ ನಿಲ್ಲಿಸುವ ಲೋಟದ ತಳ ಇಣುಕಿ ನೋಡಿ. ಅಲ್ಲಿ ನಿಂತ ಬೂದು ನೀರನ್ನು ಚೆಲ್ಲಿ, ಲೋಟವನ್ನು ವಾರಕ್ಕೊಮ್ಮೆಯಾದರೂ ಸೋಪು ಹಾಕಿ ತೊಳೆಯಿರಿ.

7. ಹಬ್ಬಕ್ಕೊಂದು ಹೊಸ ಬ್ರಷ್

ಒಂದು ಬ್ರಷ್ಷಿನ ಆಯುಷ್ಯ ಮೂರರಿಂದ ನಾಲ್ಕು ತಿಂಗಳು. ನೈಲಾನ್ ಎಳೆಯ ಬ್ರಷ್ ಮಾರುಕಟ್ಟೆಗೆ ಬಂದದ್ದು 1938ರಲ್ಲಿ. ಅದಕ್ಕೂ ಮೊದಲಿನ ಹಂದಿ ಕೂದಲಿನ ಬ್ರಷ್ ಬೇಗ ಒಣಗುತ್ತಿರಲಿಲ್ಲ. ನೈಲಾನ್ ಒಣಗುತ್ತದೆ, ಆದರೆ ದಿನ ಕಳೆದಂತೆ ತುದಿ ಸವೆದು ಬಾಗುತ್ತದೆ. ಬಾಗಿದ ಎಳೆ ಒಸಡಿನ ಅಂಚನ್ನು ಮುಟ್ಟುವುದಿಲ್ಲ. ತಾರೀಖು ನೆನಪಿರದಿದ್ದರೆ ಸಂಕ್ರಾಂತಿ, ಯುಗಾದಿ, ಶಾಲೆ ಶುರುವಾಗುವ ಜೂನ್, ಗಣೇಶನ ಹಬ್ಬ, ದೀಪಾವಳಿ ಎಂದು ಲೆಕ್ಕ ಇಟ್ಟುಕೊಳ್ಳಿ. ಹಳೆಯದು ಬಾಚಣಿಗೆ ತೊಳೆಯಲಿ, ಬೆಳ್ಳಿ ದೀಪ ಉಜ್ಜಲಿ, ಲಂಗಕ್ಕೆ ಲಾಡಿ ಪೋಣಿಸಲಿ. ಬಾಯಿಗೆ ಮಾತ್ರ ಮರಳದಿರಲಿ.

8. ಬ್ರಷ್ ಹಂಚಿಕೊಳ್ಳಬೇಡಿ

ಗಂಡ ಹೆಂಡತಿಯಾದರೂ ಬೇಡ, ಮದುವೆ ಮನೆಯಲ್ಲಿ ಮರೆತು ಬಂದ ದಿನವೂ ಬೇಡ. ಒಸಡಿನಿಂದ ರಕ್ತ ಬರುವವರ ಬ್ರಷ್ ಮೂಲಕ ಹೆಪಟೈಟಿಸ್ ಬಿ, ಸಿ ವೈರಸ್‌ಗಳೂ ದಾಟಬಹುದು. ಬ್ರಷ್ ಮರೆತರೆ ಬರೀ ನೀರಿನಲ್ಲಿ ಚೆನ್ನಾಗಿ ಮುಕ್ಕಳಿಸಿ, ಅಂಗಡಿ ತೆರೆದ ಮೇಲೆ ಹೊಸದು ಕೊಳ್ಳಿ.

9. ಸಂದಿಗೊಂದು ದಾರ

ಪ್ರತಿ ಹಲ್ಲಿಗೂ ಐದು ಮುಖ: ಹೊರಗೆ, ಒಳಗೆ, ಮೇಲೆ, ಅಕ್ಕ, ಪಕ್ಕ. ಬ್ರಷ್ ಮೊದಲ ಮೂರನ್ನು ತೊಳೆದು ಸುಮ್ಮನಾಗುತ್ತದೆ. ಐದು ಕೋಣೆಯ ಮನೆಯಲ್ಲಿ ಮೂರನ್ನೇ ದಿನವೂ ಗುಡಿಸಿದಂತೆ. ಉಳಿದ ಎರಡಕ್ಕೆ ಫ್ಲಾಸ್ ದಾರ ಬೇಕು, ಸಂದು ದೊಡ್ಡದಿದ್ದರೆ ಪುಟ್ಟ ಸಂದಿ ಬ್ರಷ್. ದಾರವನ್ನು ಹಲ್ಲಿನ ಬದಿಗೆ ಬಳಸಿ ಹಿಡಿದು ಮೇಲೆ ಕೆಳಗೆ ಸವರಬೇಕು, ಒಸಡಿಗೆ ಚಕ್ಕನೆ ಇಳಿಸಬಾರದು. ಬಳೆಗೆ ಸಿಕ್ಕಿಸಿಕೊಂಡ ಪಿನ್ನು, ಬೆಂಕಿಕಡ್ಡಿ, ಪೊರಕೆ ಕಡ್ಡಿ ಇದಕ್ಕೆ ಸಲ್ಲವು. ಶುರುವಿನ ಕೆಲವು ದಿನ ರಕ್ತ ಜಿನುಗಿದರೆ ಹೆದರಿ ನಿಲ್ಲಿಸಬೇಡಿ. ಅದು ಉರಿಯೂತದಲ್ಲಿರುವ ಒಸಡಿನ ಲಕ್ಷಣ. ಹಲ್ಲಿಗಂಟಿದ ಪಾಚಿ ಹೋದರೆ ರಕ್ತವೂ ನಿಲ್ಲುತ್ತದೆ. ಎರಡು ವಾರವಾದರೂ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ.

10. ನಾಲಿಗೆಯ ಹಿಂಭಾಗ ಮರೆಯಬೇಡಿ

ಬಾಯಿಯ ದುರ್ವಾಸನೆಗೆ ಹೊಟ್ಟೆಯನ್ನು ದೂರುವುದು ಸುಲಭ. ಬಹುತೇಕ ಸಲ ಅದು ನಾಲಿಗೆಯ ಹಿಂಭಾಗದ ಬಿಳಿ ಪದರ ಮತ್ತು ಒಸಡಿನ ಸಂದಿನಿಂದ ಬರುತ್ತದೆ. ತಾಮ್ರದ್ದೋ ಸ್ಟೀಲಿನದೋ ಪಟ್ಟಿಯಿಂದ ಹಿಂದಿನಿಂದ ಮುಂದಕ್ಕೆ ಮೂರು ನಾಲ್ಕು ಸಲ ಮೆಲ್ಲಗೆ ಎಳೆಯಿರಿ. ಪಟ್ಟಿಯನ್ನೂ ತೊಳೆದು ಒಣಗಿಸಿ.

11. ಸಿಹಿಯ ಚಮಚಕ್ಕಿಂತ ಸಲ ಎಣಿಸಿ

ಇಡೀ ವಿಷಯದ ತಿರುಳು ಇಲ್ಲಿದೆ. ಸ್ಟ್ರೆಪ್ಟೋಕಾಕಸ್ ಮ್ಯೂಟನ್ಸ್‌ನಂಥ ಬ್ಯಾಕ್ಟೀರಿಯಾಗಳು ಸಕ್ಕರೆ ತಿಂದು ಆಮ್ಲ ಬಿಡುತ್ತವೆ. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದಾಗ ಎನಾಮಲ್ ಕರಗಲು ಶುರು. ಬಾಯಿ ಮತ್ತೆ ಸಮಸ್ಥಿತಿಗೆ ಬರಲು ಅರ್ಧ ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಅಷ್ಟರೊಳಗೆ ಇನ್ನೊಂದು ಬಿಸ್ಕತ್ತು ಬಿದ್ದರೆ ಗಡಿಯಾರ ಮೊದಲಿಂದ ಶುರು.

ಸ್ವೀಡನ್ನಿನ ವಿಪೆಹೋಮ್ ಆಸ್ಪತ್ರೆಯಲ್ಲಿ 1940ರ ದಶಕದಲ್ಲಿ ಬುದ್ಧಿಮಾಂದ್ಯರಿಗೆ ಬೇಕೆಂದೇ ಸಿಹಿ ತಿನ್ನಿಸಿ ನೋಡಿದರು. ಇಂದು ಯಾವ ನೈತಿಕ ಸಮಿತಿಯೂ ಒಪ್ಪದ ಆ ಪ್ರಯೋಗ ಕಂಡುಕೊಂಡ ಸತ್ಯ ಮಾತ್ರ ನಿಂತಿದೆ: ಊಟದ ಜೊತೆ ತಿಂದ ಸಕ್ಕರೆಗಿಂತ ಊಟಗಳ ನಡುವೆ ಮೆಲ್ಲುವ ಅಂಟು ಮಿಠಾಯಿ ಹಲ್ಲಿಗೆ ಬಹಳ ಹೆಚ್ಚು ಕೇಡು. ಆದ್ದರಿಂದ ಹೋಳಿಗೆಯನ್ನು ಎಲೆಯ ಮೇಲೇ ಮುಗಿಸಿ, ಡಬ್ಬಿಯಿಂದ ಗಂಟೆಗೊಂದು ಚೂರು ಮುರಿಯಬೇಡಿ. ನಮ್ಮ ಬೈಟು ಕಾಫಿಯ ಲೆಕ್ಕವೂ ಇಲ್ಲಿ ತಲೆಕೆಳಗು. ಕಪ್ಪು ಅರ್ಧವಾಯಿತೆಂದು ದಿನಕ್ಕೆ ಆರು ಸಲ ಕುಡಿದರೆ ಹಲ್ಲಿಗೆ ಆರು ಪೆಟ್ಟು. ಬೆಲ್ಲ, ಜೇನು, ಖರ್ಜೂರಕ್ಕೆ ವಿನಾಯಿತಿ ಇಲ್ಲ. ಕಡಲೆಕಾಯಿ ಹುರಿದು ತಿನ್ನಿ, ಚಿಕ್ಕಿ ಮಾಡಿದರೆ ಅದು ಸಿಹಿಯ ಸಾಲಿಗೆ ಸೇರಿತು.

12. ಹುಳಿ ತಿಂದ ಕೂಡಲೇ ಉಜ್ಜಬೇಡಿ

ನಿಂಬೆ ಶರಬತ್ತು, ಪುನರ್ಪುಳಿ ಜ್ಯೂಸ್, ಸೋಡಾ, ಕೋಲಾ ಎನಾಮಲ್ಲಿನ ಮೇಲ್ಪದರವನ್ನು ತಾತ್ಕಾಲಿಕವಾಗಿ ಮೆತ್ತಗೆ ಮಾಡುತ್ತವೆ. ಆಗಲೇ ಬ್ರಷ್ ಹಾಕಿದರೆ ಸವೆತ ಹೆಚ್ಚು. ವಾಂತಿ, ಹುಳಿತೇಗು ಬಂದಾಗಲೂ ಹಾಗೆಯೇ. ನೀರು ಮುಕ್ಕಳಿಸಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಉಜ್ಜಿ.

13. ಕೊಳವೆಬಾವಿಯ ನೀರು ಪರೀಕ್ಷಿಸಿ

ಹಲ್ಲಿನ ಮೇಲೆ ಫ್ಲೋರೈಡ್ ಒಳ್ಳೆಯದು, ಕುಡಿಯುವ ನೀರಿನಲ್ಲಿ ಮಿತಿಮೀರಿದರೆ ಕೇಡು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಮುಂಡರಗಿ ಸೀಮೆಯವರಿಗೆ ಕಂದು ಗೆರೆಯ ಹಲ್ಲಿನ ಪರಿಚಯವಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಈ ಕಲೆ ಬೀಳುವುದು ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗ, ಅಂದರೆ ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗೆ. ಆಮೇಲೆ ಎಷ್ಟು ಉಜ್ಜಿದರೂ ಹೋಗದು. ನೀರು ಕುದಿಸಿದರೆ ಫ್ಲೋರೈಡ್ ಕಳೆಯುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಊರಿನ ಶುದ್ಧ ನೀರಿನ ಘಟಕದ ಆರ್‌ಒ ನೀರು ಮೊದಲು ಸಿಗಬೇಕಾದದ್ದು ಪುಟ್ಟ ಮಕ್ಕಳಿಗೆ. ಇಂಥ ಊರಿನ ಮಕ್ಕಳಿಗೆ ಯಾವ ಪೇಸ್ಟ್ ಸರಿ ಎಂದು ದಂತವೈದ್ಯರನ್ನೇ ಕೇಳಿ.

14. ಅಡಿಕೆಯನ್ನು ಕೆನ್ನೆಯಲ್ಲಿಡಬೇಡಿ

ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ನಾಡಿನಲ್ಲಿ ಈ ಮಾತು ಹಿತವಾಗದು. ಆದರೂ ಹೇಳಲೇಬೇಕು: ತಂಬಾಕು ಸೇರದ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿಯುವ ಕಾಯಿಲೆಗೂ ಅದೇ ಮುಖ್ಯ ಕಾರಣ. 2013ರಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿತು. ಈಗ ಪಾನ್ ಮಸಾಲ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದರಲ್ಲಿ ಬರುತ್ತದೆ, ಎರಡೂ ಬಾಯಿಯಲ್ಲಿ ಕೂಡುತ್ತವೆ. ಸುಟ್ಟ ಹೊಗೆಸೊಪ್ಪಿನ ಪುಡಿಯಲ್ಲಿ ಹಲ್ಲುಜ್ಜುವವರೂ ಇದೇ ದಾರಿಯಲ್ಲಿದ್ದಾರೆ.

ತಿಂಗಳಿಗೊಮ್ಮೆ ಬೆಳಕಿನಲ್ಲಿ ಕನ್ನಡಿ ಹಿಡಿಯಿರಿ. ಮೂರು ಬೆರಳು ಒಟ್ಟಾಗಿ ನಿಲ್ಲುವಷ್ಟು ಬಾಯಿ ತೆರೆಯುತ್ತದೆಯೇ? ಬಿಳಿ ಅಥವಾ ಕೆಂಪು ಮಚ್ಚೆ ಇದೆಯೇ? ಎರಡು ವಾರ ಕಳೆದರೂ ಮಾಯದ ಹುಣ್ಣಿದೆಯೇ? ಒಂದಕ್ಕೆ ಅನುಮಾನ ಬಂದರೂ ಕೂಡಲೇ ತೋರಿಸಿ, ನೋವಿಲ್ಲವೆಂದು ಕಾಯಬೇಡಿ. ಬಿಡಬೇಕೆಂದವರಿಗೆ ರಾಷ್ಟ್ರೀಯ ತಂಬಾಕು ಸಹಾಯವಾಣಿ 1800-11-2356 ಉಚಿತ. ಬೆಂಗಳೂರಿನ ನಿಮ್ಹಾನ್ಸ್ ಇದರ ಒಂದು ಪ್ರಾದೇಶಿಕ ಕೇಂದ್ರ.

15. ಹಾಲುಹಲ್ಲನ್ನು ಕಡೆಗಣಿಸಬೇಡಿ

ಹೇಗೂ ಬೀಳುವ ಹಲ್ಲು, ಬಿದ್ದರೆ ಹೆಂಚಿನ ಮೇಲೆ ಎಸೆದರಾಯಿತು ಎನ್ನುತ್ತೇವೆ. ಹಾಲುಹಲ್ಲು ಕಾಯಂ ಹಲ್ಲಿಗೆ ಜಾಗ ಕಾದಿಡುತ್ತದೆ. ಹುಳುಕಿಗೆ ಬೇಗ ಹೋದರೆ ಮುಂದಿನ ಸಾಲು ಸೊಟ್ಟಗಾಗಬಹುದು. ಸುಮಾರು ಆರು ತಿಂಗಳಿಗೆ ಮೊದಲ ಹಲ್ಲು ಮೂಡಿದ ದಿನದಿಂದಲೇ ಪುಟ್ಟ ಬ್ರಷ್ ಹಿಡಿಯಿರಿ. ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು ಪೇಸ್ಟ್, ಆರರವರೆಗೆ ಬಟಾಣಿಯಷ್ಟು. ಏಳೆಂಟು ವರ್ಷವಾಗುವವರೆಗೂ ಮಗುವಿನ ಕೈಗೆ ಬ್ರಷ್ ಕೊಟ್ಟು ಸುಮ್ಮನಾಗಬೇಡಿ, ಕೊನೆಯ ಸುತ್ತು ನೀವೇ ಉಜ್ಜಿ. ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗಲು ಬಿಡಬೇಡಿ.

ತಾಯ್ತಂದೆಯರು ತಪ್ಪದೆ ಎಡವುವ ಜಾಗ ಇನ್ನೊಂದಿದೆ. ಆರನೇ ವರ್ಷದ ಸುಮಾರಿಗೆ ಎಲ್ಲ ಹಾಲುಹಲ್ಲುಗಳ ಹಿಂದೆ, ಏನನ್ನೂ ಬೀಳಿಸದೆ, ಸದ್ದಿಲ್ಲದೆ ಮೊದಲ ಕಾಯಂ ದವಡೆ ಹಲ್ಲು ಬರುತ್ತದೆ. ಹಾಲುಹಲ್ಲೆಂದೇ ತಿಳಿದು ಬಿಟ್ಟಿರುತ್ತಾರೆ, ಹುಳುಕಾಗುತ್ತದೆ. ಅದರ ಆಳ ಗೀರುಗಳನ್ನು ಮುಚ್ಚುವ ಸೀಲಂಟ್ ಬಗ್ಗೆ ವೈದ್ಯರನ್ನು ಕೇಳಿ.

ಆಟದಲ್ಲಿ ಕಾಯಂ ಹಲ್ಲು ಬುಡಸಮೇತ ಕಿತ್ತು ಬಂದರೆ ಬೇರನ್ನು ಮುಟ್ಟದೆ ತಲೆಭಾಗ ಹಿಡಿಯಿರಿ. ಕೊಳೆಯಾಗಿದ್ದರೆ ಒಂದೆರಡು ಕ್ಷಣ ನೀರಿಗೆ ಹಿಡಿಯಿರಿ, ತಿಕ್ಕಬೇಡಿ. ಸಾಧ್ಯವಾದರೆ ಅದೇ ಗುಳಿಯಲ್ಲಿ ಕೂರಿಸಿ, ಇಲ್ಲವಾದರೆ ತಣ್ಣನೆಯ ಹಾಲಿನಲ್ಲಿ ಹಾಕಿ ಅರ್ಧ ಗಂಟೆಯೊಳಗೆ ವೈದ್ಯರಲ್ಲಿಗೆ ಓಡಿ. ಮತ್ತೆ ಬೇರೂರುವ ಅವಕಾಶವಿದೆ. ಹಾಲುಹಲ್ಲನ್ನು ಮಾತ್ರ ಮರಳಿ ಕೂರಿಸಬಾರದು.

16. ನೋವಿಗೆ ಮುನ್ನ ವೈದ್ಯರಲ್ಲಿಗೆ ಹೋಗಿ

ಹಲ್ಲು ನೋಯಲು ಶುರುವಾಯಿತೆಂದರೆ ಹುಳುಕು ನರದ ಹತ್ತಿರ ತಲುಪಿದೆ ಎಂದೇ ಹೆಚ್ಚಿನ ಸಲ ಅರ್ಥ. ಮೊದಲೇ ಹೋದವರಿಗೆ ಸಣ್ಣ ಫಿಲ್ಲಿಂಗ್, ತಡವಾದವರಿಗೆ ರೂಟ್ ಕೆನಾಲ್. ಲವಂಗದ ಎಣ್ಣೆ ಒಂದು ರಾತ್ರಿ ಕಳೆಯಲು ನೆರವಾದೀತು. ಆಸ್ಪಿರಿನ್ ಮಾತ್ರೆಯನ್ನು ಒಸಡಿಗೆ ಒತ್ತಿ ಹಿಡಿದರೆ ಒಸಡೇ ಸುಡುತ್ತದೆ. ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತದೆ ಎಂಬುದು ನಿಜವಲ್ಲ. ಅಲುಗುತ್ತಿದ್ದ ಹಲ್ಲನ್ನು ಕಿಟ್ಟ ಹಿಡಿದು ನಿಲ್ಲಿಸಿರುತ್ತದೆ, ಕಿಟ್ಟ ಹೋದಾಗ ಅದರ ನಿಜಸ್ಥಿತಿ ಗೊತ್ತಾಗುತ್ತದೆ. ಮಧುಮೇಹಿಗಳು ಇನ್ನಷ್ಟು ಎಚ್ಚರವಾಗಿರಬೇಕು: ಸಕ್ಕರೆ ಏರಿದರೆ ಒಸಡು ಕೆಡುತ್ತದೆ, ಒಸಡು ಕೆಟ್ಟರೆ ಸಕ್ಕರೆ ಹತೋಟಿ ತಪ್ಪುತ್ತದೆ. ಗರ್ಭಿಣಿಯರ ಒಸಡು ಊದುವುದೂ ಸಾಮಾನ್ಯ, ಆ ದಿನಗಳಲ್ಲಿ ಬ್ರಷ್ ನಿಲ್ಲಿಸಬಾರದು.

ಖರ್ಚಿನ ಭಯವಿದ್ದರೆ ದಂತ ವೈದ್ಯಕೀಯ ಕಾಲೇಜುಗಳನ್ನು ನೆನಪಿಸಿಕೊಳ್ಳಿ. ಬೆಂಗಳೂರಿನ ಸರ್ಕಾರಿ ಕಾಲೇಜಿನಿಂದ ಹಿಡಿದು ಮಣಿಪಾಲ, ದೇರಳಕಟ್ಟೆ, ದಾವಣಗೆರೆ, ಧಾರವಾಡ, ಬೆಳಗಾವಿ, ಕಲಬುರಗಿಯವರೆಗೆ ಇವು ಹರಡಿವೆ. ಪ್ರಾಧ್ಯಾಪಕರ ಕಣ್ಗಾವಲಿನಲ್ಲಿ ವಿದ್ಯಾರ್ಥಿಗಳು ಚಿಕಿತ್ಸೆ ಕೊಡುತ್ತಾರೆ, ಸಮಯ ಹೆಚ್ಚು, ಶುಲ್ಕ ಕಡಿಮೆ. ಕೃತಕ ಹಲ್ಲುಪಂಕ್ತಿ ಹಾಕಿಸಿಕೊಂಡವರು ಮಲಗುವಾಗ ತೆಗೆದು, ಬ್ರಷ್ಷಿನಿಂದ ತೊಳೆದು, ತಣ್ಣೀರಿನಲ್ಲಿ ಮುಳುಗಿಸಿಡಿ. ಬಿಸಿನೀರಿಗೆ ಹಾಕಿದರೆ ಆಕಾರ ಕೆಡುತ್ತದೆ.

ಹದಿನಾರನ್ನೂ ಒಂದೇ ದಿನ ಹಿಡಿಯಲು ಹೊರಟವರು ವಾರದಲ್ಲಿ ಎಲ್ಲ ಬಿಡುತ್ತಾರೆ. ಈ ವಾರ ರಾತ್ರಿಯ ಎರಡು ನಿಮಿಷವನ್ನು ಮಾತ್ರ ಗಟ್ಟಿ ಮಾಡಿಕೊಳ್ಳಿ. ಮುಂದಿನ ವಾರ ಮುಕ್ಕಳಿಸುವುದನ್ನು ಬಿಡಿ, ಅದರ ಮುಂದಿನ ವಾರ ದಾರ ಹಿಡಿಯಿರಿ. ತಿಂಗಳ ಕೊನೆಗೆ ನಿಮ್ಮ ಕಾಫಿ, ಬಿಸ್ಕತ್ತಿನ ಸಲಗಳನ್ನು ಎಣಿಸಿ ಎರಡನ್ನು ಕಡಿಮೆ ಮಾಡಿ. ಈ ನಾಲ್ಕು ಕೆಲಸಕ್ಕೆ ಹೊಸದಾಗಿ ಕೊಳ್ಳಬೇಕಾದದ್ದು ಒಂದು ಸುರುಳಿ ದಾರ ಮಾತ್ರ.